ವಾರ್ಡಿನ ಕಂಬದ ಬಳಿ ಕರೆ ಕಡಿಯದಂತೆ ನಡೆದುಕೊಳ್ಳುವ ಬಗ್ಗೆ

ಆಸ್ಪತ್ರೆ ಸಂಪರ್ಕ ಶಾಖೆ
ಸುತ್ತೋಲೆ ಸಂಖ್ಯೆ: ಸಂಪರ್ಕ/ವೈಫೈ/ಕಂಬ/೧೭

ವಿಷಯ: ನಡೆಯುತ್ತ ಮಾತನಾಡುವವರ ಕರೆ ಒಂದು ವೈಫೈ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುಗಮವಾಗಿ ದಾಟುವಂತೆ ಮಾಡಿ, ಸೇವೆಯ ಗುಣಮಟ್ಟ ಕಾಪಾಡುವ ಕುರಿತು.

ಉಲ್ಲೇಖ: ೧. ಮೂರನೇ ವಾರ್ಡಿನ ಸಿಸ್ಟರ್ ಅವರ ದೂರು.
೨. ಅದೇ ಸಿಸ್ಟರ್ ಅವರ ಅದೇ ದೂರು, ಆರನೇ ಸಲ.

ಮೂರನೇ ವಾರ್ಡಿನ ಎರಡು ತುದಿಗಳಲ್ಲಿ ಎರಡು ಪೆಟ್ಟಿಗೆಗಳಿದ್ದು, ನಡುವಿನ ಕಂಬದ ಬಳಿ ಕರೆಗಳು ಕಡಿಯುತ್ತಿರುವುದು ಶಾಖೆಯ ಗಮನಕ್ಕೆ ಬಂದಿದೆ. ಫೋನು ಹಳೆಯ ಪೆಟ್ಟಿಗೆಯ ಮೋಹ ಬಿಡದೆ, ಹೊಸದರ ಆಸರೆ ಹಿಡಿಯದೆ, ನಡುದಾರಿಯಲ್ಲಿ ನಿಂತುಬಿಡುತ್ತದೆ. ಕಳೆದ ಸೋಮವಾರ ಕಂಬದ ಪಕ್ಕದ ಹನ್ನೊಂದನೇ ಹಾಸಿಗೆಯ ಅಜ್ಜಿಗೆ ಮೇಲುಸಿರು ಬಂದಾಗ, ವೈದ್ಯರು ಔಷಧದ ಪ್ರಮಾಣ ಹೇಳುತ್ತಿದ್ದಂತೆಯೇ ಕರೆ ಕಡಿದಿದೆ. ಸಿಸ್ಟರ್ ಮೂರು ಬಾರಿ ಹಿಂದಕ್ಕೂ ಮುಂದಕ್ಕೂ ಓಡಿದ್ದಾರೆ. ವಾರ್ಡಿನಲ್ಲಿ ಓಡುವುದು ಶಿಸ್ತಲ್ಲ. ಆದ್ದರಿಂದ ಸಂಬಂಧಪಟ್ಟವರೆಲ್ಲ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

೧. ಕಂಬ ಸಮೀಪಿಸಿದೊಡನೆ ಸಿಬ್ಬಂದಿ ನಿಂತು, ಕಣ್ಣು ಮುಚ್ಚಿ, ಫೋನಿಗೆ ವೈರಾಗ್ಯ ಬರುವವರೆಗೆ ಕಾಯುವುದು. ಅವಸರಪಡಿಸುವಂತಿಲ್ಲ, ಮನುಷ್ಯರಿಗೇ ಅದು ಬೇಗ ಬರುವುದಿಲ್ಲ.

೨. ವೈದ್ಯರು ಔಷಧದ ಪ್ರಮಾಣವನ್ನು ಮೊದಲು, ಔಷಧದ ಹೆಸರನ್ನು ಆಮೇಲೆ ಹೇಳುವುದು. ಕರೆ ಕಡಿದಲ್ಲಿ ಎಷ್ಟು ಎಂಬುದಾದರೂ ತಿಳಿದಿರುತ್ತದೆ.

೩. ತುರ್ತು ಕಾಯಿಲೆಗಳು ಆದಷ್ಟೂ ಪೆಟ್ಟಿಗೆಯ ಕೆಳಗೇ ಸಂಭವಿಸುವಂತೆ ರೋಗಿಗಳಿಗೆ ತಿಳಿಹೇಳುವುದು.

೪. ವೈಫೈ ಬಳಕೆಯ ಆದ್ಯತೆ ಹೀಗಿದೆ: ಮೊದಲು ಮುಖ್ಯಸ್ಥರ ಕೊಠಡಿಯ ಟಿವಿ, ಬಳಿಕ ಗುಣಮಟ್ಟ ಪರಿಶೀಲನಾ ಸಭೆ, ಬಳಿಕ ಸದರಿ ಸಭೆಯ ಫೋಟೋಗಳು. ಉಸಿರಾಟ ಸಂಬಂಧಿ ಕರೆಗಳು ಸಾಲಿನಲ್ಲಿ ಬರುವುದು.

೫. ಎರಡೂ ಪೆಟ್ಟಿಗೆಗಳನ್ನು ತಿದ್ದಿ, ಮಾತಿನ ಕರೆಗೆ ಮೊದಲ ಸ್ಥಾನ ಕೊಡುವುದು ಅರ್ಧ ಗಂಟೆಯ ಕೆಲಸ ಎಂದು ಟೆಕ್ನಿಷಿಯನ್ ತಿಳಿಸಿರುತ್ತಾರೆ. ಆ ಅರ್ಧ ಗಂಟೆ ಸೇವೆ ನಿಲ್ಲುವುದರಿಂದ ಗುಣಮಟ್ಟ ಕುಸಿಯುವುದೆಂದು ಮನಗಂಡು ಸದರಿ ಸಲಹೆಯನ್ನು ತಿರಸ್ಕರಿಸಲಾಗಿದೆ.

೬. ಯಾರೂ ನಡೆಯದಿದ್ದ ಭಾನುವಾರ ಒಂದು ಕರೆಯೂ ಕಡಿದಿಲ್ಲ. ಆದ್ದರಿಂದ ದೋಷವು ನಡೆಯುವವರ ಕಾಲಿನಲ್ಲಿದೆ ಎಂದು ದೃಢಪಟ್ಟಿದೆ.

೭. ಇಷ್ಟಾಗಿಯೂ ಮಂಗಳವಾರ ಸಿಸ್ಟರ್ ಮತ್ತು ಆಯಾ ಸೇರಿ, ಹನ್ನೊಂದನೇ ಹಾಸಿಗೆಯನ್ನು ಅಜ್ಜಿಯ ಸಮೇತ ಪೆಟ್ಟಿಗೆಯ ಕೆಳಕ್ಕೆ ತಳ್ಳಿದ್ದಾರೆ. ಕಾರಣ ಕೇಳಲಾಗಿ ಸಿಸ್ಟರ್ ಕೊಟ್ಟ ಉತ್ತರವನ್ನು ಇದ್ದಂತೆಯೇ ದಾಖಲಿಸಿದೆ: “ಸಾರ್, ಕಂಬ ಕೀಳಕ್ಕಾಗಲ್ಲ, ನಿಮ್ಮನ್ನ ಕಾಯಕ್ಕೂ ಆಗಲ್ಲ. ಹಾಸಿಗೆಗೆ ಚಕ್ರ ಇತ್ತು, ತಳ್ಳಿದೆ.” ಉತ್ತರ ಸಮಾಧಾನಕರವಾಗಿಲ್ಲ. ಹಾಸಿಗೆಯನ್ನು ಕೂಡಲೇ ಕಂಬದ ಬಳಿಗೆ ಮರಳಿಸುವುದು. ಈ ಆದೇಶವನ್ನು ಫೋನಿನಲ್ಲೇ ನೀಡಲಾಗಿತ್ತು. ಕರೆ ಕಡಿದುಹೋದದ್ದರಿಂದ ಲಿಖಿತವಾಗಿ ನೀಡಲಾಗುತ್ತಿದೆ.

ಸಹಿ/-
ಮೇಲ್ವಿಚಾರಕರು, ಸಂಪರ್ಕ ಶಾಖೆ
(ಕೂತಲ್ಲಿಂದಲೇ)

ಪ್ರತಿಗಳು:
೧. ಮುಖ್ಯಸ್ಥರಿಗೆ, ಟಿವಿ ನಿಂತಾಗ ಓದಿಕೊಳ್ಳಲು.
೨. ಟೆಕ್ನಿಷಿಯನ್ ಅವರಿಗೆ, ಇನ್ನು ಮುಂದೆ ಸಲಹೆ ನೀಡದಿರಲು.
೩. ಸಿಸ್ಟರ್ ಅವರಿಗೆ, ಆಯಾ ಅವರಿಗೂ ಓದಿಹೇಳಲು.
೪. ಹನ್ನೊಂದನೇ ಹಾಸಿಗೆಯ ಅಜ್ಜಿಗೆ: ಗುಣವಾಗಿ, ಮಗಳ ಕೈಹಿಡಿದು ನಡೆದುಕೊಂಡೇ ಮನೆಗೆ ಹೋಗಿರುವುದರಿಂದ ತಲುಪಿಲ್ಲ. ಗುಣವಾದದ್ದು ಅನಧಿಕೃತ ಸ್ಥಳದಲ್ಲಿ ಆದ್ದರಿಂದ ವರದಿಗೆ ಸೇರಿಸಿಲ್ಲ.