ಕೊಂಬು ಕಟ್ಟಿದ ಗಾಡಿ

ಏಕಾಂತಪ್ಪನ ಕಷ್ಟಕ್ಕೆಲ್ಲ ಮೂಲ ಅವನ ಮನೆಯ ಬಾಗಿಲು. ದಾವಣಗೆರೆ ಹಳೇಪೇಟೆಯ ವಠಾರದಲ್ಲಿ ಅವನದು ಕಡೆಯ ಮನೆ. ಬಾಗಿಲು ಎಷ್ಟು ಕಿರಿದೆಂದರೆ, ಸ್ವಲ್ಪ ಮೈಕೈ ತುಂಬಿಕೊಂಡ ನೆಂಟರು ಬಂದರೆ ಅಡ್ಡ ತಿರುಗಿ, ಉಸಿರು ಹಿಡಿದು ಒಳಗೆ ಬರಬೇಕು. ಮದುವೆಯಾದ ಹೊಸತರಲ್ಲಿ ಇದೊಂದು ತಮಾಷೆ. ಹೆಂಡತಿ ಹೊನ್ನಕ್ಕ ಹರಿಹರದ ತವರಿನಲ್ಲಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಮೇಲೆ ತಮಾಷೆ ಮುಗಿಯಿತು.

ಬಾಣಂತನ ಮುಗಿದು ಬಹಳ ದಿನವಾದರೂ ಹೊನ್ನಕ್ಕ ಬಂದಿರಲಿಲ್ಲ. ಗಂಡನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ವಠಾರದ ನಲ್ಲಿ ಇರುವುದು ಬೀದಿಯ ಕೊನೆಗೆ, ಮನೆಯಲ್ಲಿ ಅತ್ತೆಯಿಲ್ಲ, ನಾದಿನಿಯಿಲ್ಲ. "ಒಂದನ್ನ ಬಗಲಿಗೆ ಹಾಕ್ಕೊಂಡ್ರೆ ಇನ್ನೊಂದನ್ನ ಯಾರ ಬಗಲಿಗೆ ಹಾಕ್ಲಿ? ನೀವು ಮಿಲ್ಲಿಗೆ ಹೋದ್ರೆ ಬರೋದು ದೀಪ ಹಚ್ಚೋ ಹೊತ್ತಿಗೆ," ಅನ್ನುತ್ತಿದ್ದಳು. ಹರಿಹರದಲ್ಲಿ ಕಾರ್ಖಾನೆ ಇಂಜಿನಿಯರ ಹೆಂಡತಿ ಎರಡು ಮಕ್ಕಳನ್ನು ಒಂದೇ ಗಾಡಿಯಲ್ಲಿ ಕೂರಿಸಿ ಹೊಳೆದಂಡೆಯಲ್ಲಿ ತಳ್ಳಿಕೊಂಡು ಹೋಗುವುದನ್ನು ಅವಳು ಕಂಡಿದ್ದಳು. ಅಂಥದ್ದು ಬಂದ ದಿನವೇ ಪೆಟ್ಟಿಗೆ ಕಟ್ಟುತ್ತೇನೆ ಎಂದು ಮಾತು ಕೊಟ್ಟಿದ್ದಳು.

ಆ ದಿನ ಇವತ್ತೇ ಆಗಬೇಕಿತ್ತು. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ಆಚೆಗೆ ಆಷಾಢ. ಆಷಾಢದಲ್ಲಿ ಮಾವ ಗೋಣೆಪ್ಪ ಮಗಳನ್ನು ಹೊಸ್ತಿಲು ದಾಟಿಸುವವನಲ್ಲ. ಅದು ಮುಗಿದರೆ ಶ್ರಾವಣದ ಪೂಜೆ, ಅದರ ಬೆನ್ನಿಗೇ ಗೌರಿಹಬ್ಬ. ಹೆಣ್ಣುಮಗಳನ್ನು ತವರಿನಲ್ಲಿ ಉಳಿಸಿಕೊಳ್ಳುವುದಕ್ಕೆ ಪಂಚಾಂಗದಲ್ಲಿ ನೆಪಗಳಿಗೆ ಬರವೇ ಇಲ್ಲ. ಹೋದ ಸಲ ಹರಿಹರಕ್ಕೆ ಹೋದಾಗ ಕೂಸುಗಳೆರಡೂ ಅಪ್ಪನ ಮುಖ ಕಂಡು, ಗುಮ್ಮ ಬಂದ ಹಾಗೆ ಬೋರೆಂದು ಅತ್ತಿದ್ದವು. ಅಂದಿನಿಂದ ಏಕಾಂತಪ್ಪನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ.

ಬೆಳಿಗ್ಗೆ ಎದ್ದವನೇ ಬಾಗಿಲಿನ ಅಗಲಕ್ಕೆ ಸರಿಯಾಗಿ ಒಂದು ಜೋಳದ ದಂಟು ಮುರಿದುಕೊಂಡು ಹೊರಟ. ಜೊತೆಗೆ ಪಾಲಯ್ಯ ಅಂಟಿಕೊಂಡ. ಪಾಲಯ್ಯ ಮಿಲ್ಲಿನಲ್ಲಿ ಏಕಾಂತಪ್ಪನ ಪಕ್ಕದ ಮೇಜಿನ ಗುಮಾಸ್ತ. ತನಗೆ ಮದುವೆಯೇ ಆಗದಿದ್ದರೂ ಊರಿನ ಮಕ್ಕಳನ್ನೆಲ್ಲ ಹೇಗೆ ಸಾಕಬೇಕೆಂದು ಬಲ್ಲವನು.

ಮಂಡಿಪೇಟೆಯ ಹಿಂದೆ ಅಲ್ಲಾಬಕ್ಷನ ಹಳೇ ಸಾಮಾನಿನ ಅಂಗಡಿ. ಅಂಗಡಿಯ ಮುಂದೆ ಜೋಡಿ ಕೂಸಿನ ಗಾಡಿಗಳು ಎರಡು ನಿಂತಿದ್ದವು, ಬಿಸಿಲಿಗೆ ಕಟ್ಟಿದ ಎಮ್ಮೆಗಳ ಹಾಗೆ. ಒಂದು ಅಗಲದ್ದು, ಮಕ್ಕಳು ಅಕ್ಕಪಕ್ಕ ಕೂರುವಂಥದ್ದು. ಇನ್ನೊಂದು ಸಣ್ಣದು, ಒಬ್ಬರ ಹಿಂದೆ ಒಬ್ಬರು ಕೂರುವಂಥದ್ದು. ಪಾಲಯ್ಯನಿಗೆ ಸಣ್ಣದು ಹಿಡಿಸಲಿಲ್ಲ. "ಹಿಂದೆ ಕುಂತ ಕೂಸು ಜೀವಮಾನ ಎಲ್ಲ ಮುಂದಿನದರ ಬೆನ್ನು ನೋಡ್ಬೇಕೇನಪ್ಪ? ಗುಮಾಸ್ತಿಕೆ ಈಗಿಂದ್ಲೇ ಕಲಿಸ್ತೀಯ?" ಎಂದ.

ಏಕಾಂತಪ್ಪ ದಂಟು ಹಿಡಿದು ಅಳೆದ. ಅಗಲದ ಗಾಡಿ ದಂಟನ್ನು ಮೀರಿ ಒಂದು ಗೇಣು ಹೊರಗೆ ಉಳಿಯಿತು. ಸಣ್ಣದು ದಂಟಿನೊಳಗೆ ಸಲೀಸಾಗಿ ಕೂತಿತು. ಆದರೆ ಅದರ ಹಿಡಿಗೆ ಯಾರೋ ಹಸಿ ಅರಿಶಿನದ ದಾರದಲ್ಲಿ ಒಂದು ಅರಿಶಿನ ಕೊಂಬು ಕಟ್ಟಿದ್ದರು.

ಒಳಗೆ ಅಲ್ಲಾಬಕ್ಷ ಸೈಕಲ್ಲಿನ ಚಕ್ರಕ್ಕೆ ಬಡಿಯುತ್ತ ಕೂತಿದ್ದ. ಕೇಳಿದ್ದಕ್ಕೆ ತಿರುಗಿ ನೋಡದೆಯೇ ಹೇಳಿದ: "ಕೊಂಬು ಕಟ್ಟಿದ್ದು ಮಾತಾಗೈತೆ ಸಾಹೇಬ್ರ. ನಮ್ಮಣ್ಣ ಅಂಗಡ್ಯಾಗೆ ಕುಂತಿದ್ದಾಗ ಯಾರೋ ಯಜಮಾನ್ರು ಬಂದು ಕಟ್ಟಿ ಹೋದ್ರಂತೆ, ಇವತ್ತೇ ಒಯ್ಯಾಕೆ ಬರ್ತಾರೆ. ನಾನಂತೂ ಅವ್ರ ಮುಖ ನೋಡಿಲ್ಲ, ಯಾವ ಗಾಡಿಗೆ ಕಟ್ಯಾರೆ ಅಂತಾನೂ ನೋಡಿಲ್ಲ. ಅದೊಂದು ಬಿಟ್ಟು ಯಾವ್ದಾರ ತಗೊಳ್ರಿ."

ಏಕಾಂತಪ್ಪನ ಮುಖ ಬಾಡಿತು. ಪಾಲಯ್ಯ ಅವನ ಕಿವಿಯ ಹತ್ತಿರ ಬಂದ. ಕೊಂಬು ಕಟ್ಟಿದ್ದು ಬಿಡಬೇಕು ಅಂದ ತಾನೇ, ಕೊಂಬು ಯಾವುದರ ಮೇಲಿರಬೇಕು ಅಂತ ಯಾರು ಹೇಳಿದರು, ಅಂದ. ಏಕಾಂತಪ್ಪ ಧರ್ಮಭೀರು. ಆದರೆ ಆ ಹೊತ್ತಿಗೆ ಅವನ ಕಣ್ಣಮುಂದೆ ಬೋರೆಂದು ಅಳುವ ಎರಡು ಮುಖಗಳಿದ್ದವು. ಬೆವೆತ ಕೈಯಿಂದ ಗಂಟು ಬಿಚ್ಚಿದ, ಅಗಲದ ಗಾಡಿಯ ಹಿಡಿಗೆ ಕಟ್ಟಿದ. ಅಲ್ಲಾಬಕ್ಷ ಹೊರಗೆ ಬಂದು, ಕೊಂಬಿಲ್ಲದ ಗಾಡಿಗೆ ಎಣ್ಣೆ ಬಿಟ್ಟುಕೊಟ್ಟು, ಮಕ್ಕಳು ನೂರು ವರ್ಷ ಬಾಳಲಿ ಅಂತ ಹರಸಿ ಕಳಿಸಿದ.

ಅಲ್ಲಿಂದ ನೇರ ಸ್ಟೇಷನ್ನಿಗೆ ಹೋಗಿದ್ದರೆ ಕತೆಯೇ ಬೇರೆ. ಆದರೆ ದಂಟಿನ ಮೇಲೆ ಅವನಿಗೆ ಪೂರ್ತಿ ನಂಬಿಕೆಯಿಲ್ಲ. ಬಾಗಿಲಲ್ಲಿ ಒಂದು ಸಲ ತೂರಿಸಿ ನೋಡೋಣ ಎಂದು ವಠಾರಕ್ಕೆ ತಂದ. ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಒಳಗೆ ಹೋಗಿ ಹೊರಗೆ ಬಂತು. ಅದನ್ನು ನೋಡಲು ಇಡೀ ವಠಾರ ಬಂದು ನಿಂತಿತು, ಎಲ್ಲರಿಗಿಂತ ಮುಂದೆ ಯಲ್ಲಕ್ಕ.

ಯಲ್ಲಕ್ಕ ವಠಾರಕ್ಕೆಲ್ಲ ಹಿರಿಯಳು. ಅವಳಿಗೆ ಗಾಡಿಯಲ್ಲಿ ಮೊದಲು ಕಂಡದ್ದೇ ತಪ್ಪು. "ತೊಟ್ಟಿಲು ತವರಿಂದ ಬರ್ಬೇಕು ಕಣಪ್ಪ. ನೀನೇ ತಂದ್ರೆ ನಿಮ್ ಮಾವ ಏನಂದ್ಕಂತಾನೆ?"

ಇದು ತೊಟ್ಟಿಲಲ್ಲ, ಇದಕ್ಕೆ ಚಕ್ರ ಇದೆ ಎಂದು ಏಕಾಂತಪ್ಪ ವಾದಿಸಿದ. ಕೂಸು ಮಲಗೋದೆಲ್ಲ ತೊಟ್ಟಿಲೇ ಎಂದಳು ಯಲ್ಲಕ್ಕ. ಮೇಲಾಗಿ ಖಾಲಿ ತೊಟ್ಟಿಲು ತೂಗಬಾರದು, ಖಾಲಿ ಗಾಡಿಯನ್ನೂ ತಳ್ಳಬಾರದು, ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ಯಾಕೆ ಮತ್ತೆ? ಹೇಳುತ್ತಲೇ ಒಳಗೆ ಹೋಗಿ ತನ್ನ ರುಬ್ಬುವ ಗುಂಡು ತಂದಳು. ಎದುರು ಮನೆಯ ಇಮಾಂಬಿಯ ಗುಂಡೂ ಬಂತು. ಎರಡಕ್ಕೂ ಹಳೇ ಸೀರೆ ಸುತ್ತಿ, ಮೇಲೆ ಕುಂಚಿಗೆ ಕಟ್ಟಿ, ಒಂದನ್ನು ಮುಂದೆ, ಒಂದನ್ನು ಹಿಂದೆ ಮಲಗಿಸಿದರು. ಸಂಜೆಯೊಳಗೆ ಕಲ್ಲು ವಾಪಸು ಬರಬೇಕು, ನಾಳೆ ಹಬ್ಬಕ್ಕೆ ರುಬ್ಬುವುದಿದೆ ಎಂದು ತಾಕೀತೂ ಆಯಿತು.

ರೈಲ್ವೆ ಗೇಟಿನ ಹತ್ತಿರ ಗಾಡಿ ಒಂದು ಗುಂಡಿಗೆ ಇಳಿದು ಎದ್ದಿತು. ಮುಂದಿನ ಕೂಸು ಹಾರಿ ದೊಪ್ಪನೆ ರಸ್ತೆಗೆ ಬಿತ್ತು. ಮಣ್ಣೆತ್ತು ಮಾರುತ್ತಿದ್ದ ಹೆಂಗಸು ಎದೆಗೆ ಕೈ ಇಟ್ಟುಕೊಂಡು ಕೂತಳು. ಏಕಾಂತಪ್ಪ ಹೋಗಿ, ಕೂಸಿನ ಕುಂಚಿಗೆ ಹಿಡಿದು ಎತ್ತಿ, ಫಟಫಟ ಬಡಿದು ಧೂಳು ಕೊಡವಿ, ಗಾಡಿಯೊಳಗೆ ಎತ್ತಿ ಹಾಕಿದ. ಅಷ್ಟರಲ್ಲಿ ಯಾರೋ ಅವನ ಕೊರಳಪಟ್ಟಿ ಹಿಡಿದಿದ್ದರು.

"ಹೆಣ್ಣುಕೂಸೇ ಇರ್ಬೇಕು, ಅದಕ್ಕೇ ಹಿಂಗ್ ಮಾಡ್ತೀಯೇನಲೇ?"

"ಅದು ಕಲ್ಲು ಕಣ್ರಿ."

"ಹೆತ್ತ ಮಗೀಗೆ ಕಲ್ಲು ಅಂತಾನೆ ನೋಡ್ರಪ್ಪ ಇವ್ನು."

ಪಾಲಯ್ಯ ಸಹಾಯಕ್ಕೆಂದು ನಡುವೆ ಬಂದು, ಇವನಿಗೆ ಮನೆಯಲ್ಲಿ ಸ್ವಲ್ಪ ತಾಪತ್ರಯ, ಹೆಂಡತಿ ಬಿಟ್ಟು ಹೋಗಿದ್ದಾಳೆ ಅಂದ. ಅದರಿಂದ ಏಟು ಜಾಸ್ತಿಯಾದವು. ಕುಂಚಿಗೆ ಬಿಚ್ಚಿ ತೋರಿಸುವ ಹೊತ್ತಿಗೆ ಅಂಗಿಯ ಗುಂಡಿಗಳು ಹೋಗಿದ್ದವು, ಹರಿಹರದ ರೈಲೂ ಹೋಗಿತ್ತು. ಪಾಲಯ್ಯನಿಗೆ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಗಿ ಅವನೂ ಹೋದ.

ಬಸ್ಸಿನ ನೆತ್ತಿಯ ಮೇಲೆ ಗಾಡಿ ಕಟ್ಟಿಸಿ, ಕಲ್ಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಏಕಾಂತಪ್ಪ ಹರಿಹರ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಮೈ ನೋಯುತ್ತಿದ್ದರೂ ಮನಸ್ಸು ಹಗುರ. ಕಲ್ಲುಗಳನ್ನು ಮತ್ತೆ ಗಾಡಿಗೆ ಹಾಕಿ ತಳ್ಳುತ್ತ ಮಾವನ ಬೀದಿಗೆ ತಿರುಗಿದ. ಮಾವನ ಮನೆಯ ಮುಂದೆ ಜನ. ಓಡುತ್ತಲೇ ಗಾಡಿ ತಳ್ಳಿದ. ಹತ್ತಿರ ಹೋದರೆ ಯಾರೂ ಅಳುತ್ತಿರಲಿಲ್ಲ, ಕೈ ಮುಗಿಯುತ್ತಿದ್ದರು.

ಅಂಗಳದ ನಡುವೆ ಆ ಅಗಲದ ಗಾಡಿ ನಿಂತಿತ್ತು. ಹಿಡಿಯಲ್ಲಿ ಅರಿಶಿನ ಕೊಂಬು. ಅದಕ್ಕೆ ಕುಂಕುಮ, ಹೂವು, ಮುಂದೆ ಊದಿನಕಡ್ಡಿ. ಒಳಗೆ ಅವನ ಮಕ್ಕಳಿಬ್ಬರು ಅಕ್ಕಪಕ್ಕ ಕೂತು, ಮಹಾರಾಣಿಯರ ಹಾಗೆ ಜನರನ್ನು ನೋಡುತ್ತಿದ್ದರು.

"ಬರ್ರಿ ಅಳಿಯಂದ್ರೆ, ಇಲ್ಲಿ ನೋಡ್ರಿ ಪವಾಡ," ಎಂದ ಗೋಣೆಪ್ಪ. "ತೊಟ್ಟಿಲು ತವರಿಂದ್ಲೇ ಹೋಗ್ಬೇಕು ಅಂತ ಯಾರಿಗೂ ಹೇಳ್ದೆ ದಾವಣಗೆರೀಗೆ ಹೋಗಿದ್ದೆ. ನಿಮ್ಮನಿ ಬಾಗ್ಲು ಸಣ್ದು ಅಂತ ಸಣ್ ಗಾಡೀಗೆ ನಾನೇ ನನ್ ಕೈಯಾರೆ ಕೊಂಬು ಕಟ್ಟಿದ್ದೆ. ಇವತ್ತು ಹೋಗಿ ನೋಡ್ತೀನಿ, ಕೊಂಬು ದೊಡ್ ಗಾಡಿಗೈತೆ. ಸಾಬ್ರು ಅಲ್ಲಾನ ಆಣೆ ಮಾಡಿ ನಾನು ಮುಟ್ಟಿಲ್ಲ ಅಂದ್ರು. ಮತ್ಯಾರು ಸರಿಸಿದ್ರು? ಹರಿಹರೇಶ್ವರನೇ ಸರಿಸ್ಯಾನೆ."

ಜನ ಮತ್ತೊಮ್ಮೆ ಕೈ ಮುಗಿದರು. ಏಕಾಂತಪ್ಪನೂ ಮುಗಿದ. ಬೇರೆ ದಾರಿ ಇರಲಿಲ್ಲ.

ಆಮೇಲೆ ಮಾವನ ಕಣ್ಣು ಅವನು ತಂದ ಗಾಡಿಯ ಮೇಲೆ ಬಿತ್ತು. ಏಕಾಂತಪ್ಪ ನಾಲಿಗೆ ತಡವರಿಸುತ್ತ, ಇದನ್ನು ಬೇರೆ ಅಂಗಡಿಯಲ್ಲಿ ತಂದೆ, ದೊಡ್ಡದು ನಮ್ಮ ಬಾಗಿಲಲ್ಲಿ ಹೋಗುವುದಿಲ್ಲ, ಇವತ್ತಿಗೆ ಇದರಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದ. ಗೋಣೆಪ್ಪ ಕೋಪಿಸಿಕೊಳ್ಳಲಿಲ್ಲ, ಅದೇ ಕೆಟ್ಟದ್ದಾಯಿತು. ದೇವರೇ ಆರಿಸಿಕೊಟ್ಟ ಗಾಡಿ ಬೀದಿಯಲ್ಲಿ ನೆನೆಯಬೇಕೇ ಎಂದು ಕೇಳಿದ. ದೊಡ್ಡ ಗಾಡಿ ಬಂದಿದೆಯೆಂದರೆ ದೊಡ್ಡ ಬಾಗಿಲಿನ ಮನೆ ನೋಡು ಎಂದು ಅಪ್ಪಣೆಯಾಗಿದೆ ಎಂದ. "ನೋಡ್ಕಂಡು ಬರ್ರಿ, ಕಳಿಸಿಕೊಡ್ತೀನಿ. ಈಗಂತೂ ಆಷಾಢ ಬಂತು. ಆ ಸಣ್ದೂ ಇಲ್ಲೇ ಇರ್ಲಿ, ಸೊಪ್ಪು ತರಾಕಾಗ್ತೈತೆ."

ಪಡಸಾಲೆಯಲ್ಲಿ ಹೊನ್ನಕ್ಕನ ಪೆಟ್ಟಿಗೆ ಕಟ್ಟಿ ಇಟ್ಟಿತ್ತು. ಅವಳು ಕುಡಿಯಲು ನೀರು ತಂದುಕೊಟ್ಟಳು. ಚೊಂಬು ಹಿಡಿದ ಗಂಡನ ಕೈ ನೋಡಿದಳು. ಬೆರಳಿನ ಸಂದಿಯೆಲ್ಲ ಹಳದಿ. ಒಮ್ಮೆ ಅಂಗಳದ ಕೊಂಬಿನ ಕಡೆ ನೋಡಿ, ಸೆರಗಿನ ತುದಿ ಒದ್ದೆ ಮಾಡಿ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.

"ನೀವು ಒಂದು ಹೊತ್ತು ಸುಮ್ನೆ ಮನ್ಯಾಗೆ ಕುಂತಿದ್ರೆ," ಎಂದಳು ಮೆಲ್ಲಗೆ, "ಅಪ್ಪಾನೇ ಆ ಸಣ್ಣದು ತಂದಿರೋನು. ಇಷ್ಟೊತ್ತಿಗೆ ನಾನು ನಿಮ್ಮನ್ಯಾಗೆ ಒಲೆ ಹಚ್ಚಿರ್ತಿದ್ದೆ."

ಅವನು ಹೊರಡುವ ಮುಂಚೆ ಮಕ್ಕಳನ್ನು ಎತ್ತಿಕೊಳ್ಳಲು ಬಾಗಿದ. ಗುಂಡಿಯಿಲ್ಲದ ಅಂಗಿ, ಊದಿಕೊಂಡ ಕೆನ್ನೆ ಕಂಡು ಎರಡೂ ಒಟ್ಟಿಗೆ ಬೋರೆಂದವು.

ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಏಕಾಂತಪ್ಪನ ತೊಡೆಯ ಮೇಲೆ ಕುಂಚಿಗೆ ಕಟ್ಟಿದ ಎರಡು ಕಲ್ಲುಗಳಿದ್ದವು. ಮಾಯಕೊಂಡಕ್ಕೆ ಹೊರಟಿದ್ದ ಒಬ್ಬ ಮುದುಕಿ ಪಾಪ ಅನ್ನಿಸಿ ಸರಿದು ಜಾಗ ಕೊಟ್ಟಳು. ರೈಲು ಹೊಳೆಯ ಊರನ್ನು ಬಿಟ್ಟು ಬಯಲಿಗೆ ಬಂತು. ಮುದುಕಿ ಕುಂಚಿಗೆಗಳನ್ನೇ ನೋಡುತ್ತಿದ್ದಳು.

"ಜೋಡಿ ಕೂಸು, ಜೊತಿಗೆ ತಾಯಿನೂ ಇಲ್ಲ. ಆದ್ರೂ ಒಂದು ಸೊಲ್ಲಿಲ್ಲ ನೋಡಪ್ಪ, ಏನು ಬಂದ್ರೂ ತಡ್ಕಂಡು ಬಿದ್ದಿರ್ತಾವೆ."

ಏಕಾಂತಪ್ಪ ಜಾರುತ್ತಿದ್ದ ಒಂದು ಕಲ್ಲನ್ನು ಎದೆಗೆ ಒತ್ತಿಕೊಂಡ.

"ಹೂನವ್ವ," ಎಂದ. "ಅಪ್ಪನ್ನ ಹೋಲ್ತಾವೆ."