ಡೇಟಾಬೇಸಿಗೆ ಹೊರಟ ನಮ್ಮ ಪತ್ರಿಕೆ

ಕಾಲೇಜಿನ ಸಂಶೋಧನಾ ಪತ್ರಿಕೆಗೆ ಸಂಪಾದಕಿಯಾದವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ವಾರಕ್ಕೊಮ್ಮೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ನಾನು ಶಿವಮೊಗ್ಗದ ಹೊಸಮನೆಯಿಂದ ದಿನಾ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಅರ್ಥಶಾಸ್ತ್ರ ಪಾಠ ಮಾಡುವವಳು. ಹನ್ನೊಂದು ವರ್ಷದಿಂದ ಕಾಲೇಜಿನ ಪತ್ರಿಕೆಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಜಗತ್ತಿನ ಸಂಶೋಧನಾ ಪತ್ರಿಕೆಗಳಲ್ಲಿ ಯೋಗ್ಯವಾದವನ್ನಷ್ಟೇ ಆರಿಸಿಕೊಂಡು, ಯಾರ ಲೇಖನವನ್ನು ಯಾರು ಉಲ್ಲೇಖಿಸಿದರು ಎಂದು ಪಟ್ಟಿ ಇಡುವ ದೊಡ್ಡ ಡೇಟಾಬೇಸ್‌ಗಳಿವೆ. ಅಂಥದ್ದೊಂದಕ್ಕೆ ನಮ್ಮ ಪತ್ರಿಕೆ ಸೇರಲಿ, ಸೇರದಿದ್ದರೆ ನಿಲ್ಲಿಸಿಬಿಡಿ ಎಂದು ಆಡಳಿತ ಮಂಡಳಿ ಒಂದು ದಿನ ತೀರ್ಮಾನ ಕೊಟ್ಟಿತು. ಹನ್ನೊಂದು ವರ್ಷ ಸಾಕಿದ್ದನ್ನು ಹಾಗೆ ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿದೆಯೆ? ಸೇರಿಸಿಯೇ ತೀರುತ್ತೇನೆ ಎಂದು ಟೊಂಕ ಕಟ್ಟಿ ನಿಂತೆ.

೧. ಅತಿಥಿ ಸಿಗದ ಜೂನ್

ಡೇಟಾಬೇಸಿನವರ ಮೊದಲ ಷರತ್ತು, ಸಂಚಿಕೆ ಹೇಳಿದ ತಿಂಗಳಲ್ಲೇ ಹೊರಬರಬೇಕು ಎಂಬುದು. ನಮ್ಮ ಜೂನ್ ಸಂಚಿಕೆ ಜೂನಿನಲ್ಲೇ ಅಚ್ಚಾಗುತ್ತಿತ್ತು. ಆದರೆ ಬಿಡುಗಡೆ ಸಮಾರಂಭ ಆಗದೆ ಒಂದು ಪ್ರತಿಯನ್ನೂ ಹೊರಗೆ ಕೊಡುವ ಪದ್ಧತಿಯಿಲ್ಲ. ಸಮಾರಂಭಕ್ಕೆ ಮುಖ್ಯ ಅತಿಥಿ ಬೇಕು, ಅತಿಥಿಗೆ ಬಿಡುವು ಬೇಕು. ಹೀಗಾಗಿ ಜೂನ್ ಸಂಚಿಕೆ ಬಣ್ಣದ ಕಾಗದ ಸುತ್ತಿಸಿಕೊಂಡು, ರಿಬ್ಬನ್ ಕಟ್ಟಿಸಿಕೊಂಡು, ನವೆಂಬರಿನ ತನಕ ಬೀರುವಿನಲ್ಲಿ ಕೂತಿರುತ್ತಿತ್ತು.

ಈ ಸಲ ನಾನು ಯಾರನ್ನೂ ಕೇಳದೆ ಜೂನ್ ಮೊದಲ ವಾರವೇ ವೆಬ್‌ಸೈಟಿಗೆ ಹಾಕಿಸಿಬಿಟ್ಟೆ. ಕಾಲೇಜಿನ ಸಮಾರಂಭಗಳನ್ನೆಲ್ಲ ನೋಡಿಕೊಳ್ಳುವ ಕನ್ನಡ ಮೇಷ್ಟ್ರು ಓಡಿ ಬಂದರು.

"ಏನ್ ಮೇಡಂ, ರಿಬ್ಬನ್ ಬಿಚ್ಚದೇ ಲೋಕಕ್ಕೆಲ್ಲ ಓದಕ್ಕೆ ಕೊಟ್ಬಿಟ್ರಾ?"

"ಕೊಟ್ಟೆ ಸಾರ್. ಆಗಲೇ ಒಂದಷ್ಟು ಜನ ಓದೂ ಆಯ್ತು."

"ಓದ್ಲಿ ಬಿಡಿ, ಓದೋದಕ್ಕೆ ನಾನೇನು ಅಡ್ಡ ಬರಲ್ಲ. ಆದ್ರೆ ಬಿಡುಗಡೆ ಆಗೋ ತನಕ ಓದಿಲ್ಲದೋರ ಥರ ಇರಿ ಅಂತ ಅವರಿಗೆ ಒಂದು ಮಾತು ಹೇಳಿ."

೨. ಮಂಡಳಿಯ ಹಿರಿಯರು

ಸಂಪಾದಕ ಮಂಡಳಿಯ ಪ್ರತಿಯೊಬ್ಬರ ಮೇಲ್ ವಿಳಾಸ ಕೊಡಿ, ನಾವೇ ಅವರನ್ನು ವಿಚಾರಿಸಿಕೊಳ್ಳುತ್ತೇವೆ ಎಂಬುದು ಇನ್ನೊಂದು ಷರತ್ತು. ನಮ್ಮ ಪಟ್ಟಿಯ ಮೊದಲ ಹೆಸರು, ಮೂರು ವರ್ಷದ ಹಿಂದೆ ತೀರಿಕೊಂಡ ಸಂಸ್ಕೃತ ಪ್ರಾಧ್ಯಾಪಕರದು! ಗೌರವಕ್ಕೆಂದು ಯಾರೂ ತೆಗೆದಿರಲಿಲ್ಲ. ಅವರ ಮನೆಯವರಿಗೆ ಒಂದು ಮಾತು ಹೇಳಿಯೇ ತೆಗೆಯೋಣ ಎಂದು ಶಿವಮೊಗ್ಗದ ಆಲ್ಕೊಳ ಬಡಾವಣೆಯ ಅವರ ಮನೆಗೆ ಹೋದೆ.

ಅವರ ಪತ್ನಿ ಕಾಫಿ ಕೊಟ್ಟರು. ನಾನು ತಡವರಿಸುತ್ತಾ ವಿಷಯ ಹೇಳಿದಾಗ ಗಂಡನ ಹೆಸರು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾಕಾದರೂ ಬಂದೆನೋ ಎಂದು ನನಗೆ ನಿಜಕ್ಕೂ ಬೇಸರವಾಯಿತು. ಅಷ್ಟರಲ್ಲಿ ಅವರೇ ಸಾವರಿಸಿಕೊಂಡರು.

"ತೆಗಿ ಮಾರಾಯ್ತಿ, ಅದಕ್ಯಾಕೆ ಇಷ್ಟು ಸಂಕೋಚ? ಬದುಕಿದ್ದಾಗ ನಿಮ್ಮ ಮೀಟಿಂಗಿಗೆ ಒಂದು ಸಲನಾದ್ರೂ ಬಂದಿದ್ರಾ?"

"ಇಲ್ಲಮ್ಮ."

"ಮತ್ತೆ! ಅದಕ್ಕೇ ವ್ಯತ್ಯಾಸ ಗೊತ್ತಾಗಕ್ಕೆ ಮೂರು ವರ್ಷ ಹಿಡೀತು ನಿಮಗೆ."

೩. ಆನೆಯೂ ಬಸ್ಸೂ

ನಮ್ಮ ಲೇಖನಗಳನ್ನು ಹೆಚ್ಚು ಜನ ಉಲ್ಲೇಖಿಸಿದಷ್ಟೂ ಪತ್ರಿಕೆಯ ತೂಕ ಹೆಚ್ಚುತ್ತದೆ ಎಂದು ಯಾರೋ ಪ್ರಿನ್ಸಿಪಾಲರ ಕಿವಿ ಊದಿದರು. ಹೊರಗಿನವರು ಮಾಡದಿದ್ದರೆ ನಾವೇ ಮಾಡಿಕೊಳ್ಳೋಣ ಎಂದು ಅವರು ಅಪ್ಪಣೆ ಹೊರಡಿಸಿದರು. ಮರುವಾರವೇ ಪ್ರಾಣಿಶಾಸ್ತ್ರದ ಮೇಷ್ಟ್ರು ಸಕ್ರೆಬೈಲಿನ ಕ್ಯಾಂಪಿನ ಆನೆಗಳ ಮೇವಿನ ಬಗ್ಗೆ ಒಂದು ಲೇಖನ ತಂದುಕೊಟ್ಟರು. ಕೊನೆಯ ಉಲ್ಲೇಖಗಳ ಪಟ್ಟಿಯಲ್ಲಿ ನನ್ನದೇ ಹಳೇ ಲೇಖನ ಕಂಡಿತು. ಅದು ಶಿವಮೊಗ್ಗ–ಭದ್ರಾವತಿ ಬಸ್ ಪ್ರಯಾಣಿಕರ ಕುರಿತಾದದ್ದು.

"ಸಾರ್, ಡೇಟಾಬೇಸಿನವರು ಇಂಥದ್ದನ್ನೇ ಹುಡುಕಿ ಹಿಡಿಯೋದು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋರು ಅಂತ ಹೊರಗೆ ಹಾಕ್ತಾರೆ. ಆನೆ ಮೇವಿಗೂ ನನ್ನ ಬಸ್ಸಿಗೂ ಏನ್ರೀ ಸಂಬಂಧ?"

ಅವರಿಗೆ ನಿಜವಾಗಿಯೂ ನೋವಾಯಿತು.

"ಹಂಗಂದ್ರೆ ಹ್ಯಾಗೆ ಮೇಡಂ? ಕ್ಯಾಂಪಿಗೆ ನಾನು ಬಸ್ಸಲ್ಲೇ ಹೋಗಿದ್ದು!"

೪. ಗುಟ್ಟಿನ ಪರಿಶೀಲನೆ

ಲೇಖನವನ್ನು ವಿಷಯ ಬಲ್ಲವರೊಬ್ಬರು ಪರಿಶೀಲಿಸಬೇಕು ಎಂಬುದು ಮತ್ತೊಂದು ಷರತ್ತು. ಬರೆದವರು ಯಾರೆಂದು ಅವರಿಗೆ ತಿಳಿಯಬಾರದು, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ನಾನು ಶಿಸ್ತಾಗಿ ಹೆಸರು ತೆಗೆದು, ನಮ್ಮ ಹೊಸಮನೆಯಲ್ಲೇ ಇರುವ ನಿವೃತ್ತ ಇತಿಹಾಸ ಪ್ರಾಧ್ಯಾಪಕರಿಗೆ ಒಂದು ಲೇಖನ ಕೊಟ್ಟೆ. ಮೂರನೇ ದಿನ ಅದನ್ನು ಬರೆದವರು ನನ್ನ ಮೇಜಿನ ಮುಂದೆ ನಿಂತಿದ್ದರು.

"ಮೇಡಂ, ಪರಿಶೀಲಕರು ಯಾರು ಅಂತ ನಾನು ಕೇಳಲ್ಲ. ಕೇಳಬಾರದು ಅಂತ ನಂಗೊತ್ತು. ಆದ್ರೆ ನಿನ್ನೆ ಅವರ ಮನೇಲಿ ಊಟ ಮಾಡ್ತಾ ಇದ್ದಾಗ, ನಾಲ್ಕನೇ ಪುಟ ಸರಿಯಿಲ್ಲ ಅಂದ್ರು."

೫. ಮೊದಲನೇ ತಿರಸ್ಕಾರ

ಅವತ್ತಿನಿಂದ ಲೇಖನಗಳನ್ನೆಲ್ಲ ಜಿಲ್ಲೆಯ ಗಡಿ ದಾಟಿಸಿದೆ. ಅರ್ಜಿಯನ್ನೂ ಕಳಿಸಿದೆ. ಸ್ವಲ್ಪ ದಿನಕ್ಕೆ ಡೇಟಾಬೇಸಿನಿಂದ ಒಂದು ಪ್ರಶ್ನೆ ಬಂತು: ನಿಮಗೆ ಬಂದ ಲೇಖನಗಳಲ್ಲಿ ಎಷ್ಟನ್ನು ತಿರಸ್ಕರಿಸಿದ್ದೀರಿ? ದಾಖಲೆ ಸಹಿತ ತಿಳಿಸಿ.

ಹನ್ನೊಂದು ವರ್ಷದಲ್ಲಿ ನಾವು ಒಂದನ್ನೂ ತಿರಸ್ಕರಿಸಿರಲಿಲ್ಲ. ತಿರಸ್ಕರಿಸುವುದಾದರೂ ಹೇಗೆ? ನಾಳೆ ಬರೆದವರೇ ನನ್ನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂರುತ್ತಾರೆ.

ಅದೇ ವಾರ ಹೊರಗಿನ ಇಬ್ಬರು ಪರಿಶೀಲಕರು ಒಂದೇ ಲೇಖನದ ಬಗ್ಗೆ, ಪ್ರಕಟಣೆಗೆ ಯೋಗ್ಯವಲ್ಲ ಎಂದು ಬರೆದರು. ಅದು ಯಾರದೆಂದು ಗೊತ್ತಿದ್ದವಳು ನಾನೊಬ್ಬಳೇ. ನಮ್ಮ ಪ್ರಿನ್ಸಿಪಾಲರದು. ಎರಡು ದಿನ ಆ ವರದಿಗಳನ್ನು ಬ್ಯಾಗಿನಲ್ಲಿಟ್ಟುಕೊಂಡೇ ತಿರುಗಿದೆ. ಮೂರನೇ ದಿನ, ಆದದ್ದಾಗಲಿ ಎಂದು ಅವರ ಕೋಣೆಗೆ ನುಗ್ಗಿದೆ.

"ಸಾರ್, ನಿಮ್ಮ ಲೇಖನ ಬೇಡ ಅಂತ ಇಬ್ಬರೂ ಬರೆದಿದಾರೆ."

"ನೀವೇನಂತೀರಿ?"

"ನಾನೂ ಬೇಡ ಅಂತೀನಿ ಸಾರ್. ಇದನ್ನ ಹಾಕಿದ್ರೆ ಪತ್ರಿಕೆ ಉಳಿಯಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಂಗಾದ್ರೆ ಲೆಟರ್‌ಹೆಡ್ಡಲ್ಲಿ ಬರೆದು ಕೊಡ್ರೀ. ಬಾಯಿ ಮಾತಲ್ಲಿ ತಿರಸ್ಕಾರ ಮಾಡಿದ್ರೆ ದಾಖಲೆ ಹ್ಯಾಗಾಗುತ್ತೆ?" ಎಂದರು. ಬರೆದುಕೊಟ್ಟೆ. ತಮ್ಮ ತಿರಸ್ಕಾರ ಪತ್ರಕ್ಕೆ ತಾವೇ ಸ್ವೀಕೃತಿ ಸಹಿ ಹಾಕಿ, ಸೀಲು ಹೊಡೆದು ಕೊಟ್ಟರು. ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

ಕೆಲವು ತಿಂಗಳ ಮೇಲೆ ಮೇಲ್ ಬಂತು: ನಿಮ್ಮ ಪತ್ರಿಕೆ ಆಯ್ಕೆಯಾಗಿದೆ. ಬಸ್ಸಿನಲ್ಲಿ ಕೂತೇ ಅತ್ತುಬಿಟ್ಟೆ.

ಸ್ಟಾಫ್ ರೂಮಿನಲ್ಲಿ ಸನ್ಮಾನ ನಡೆಯಿತು. ನನಗೊಂದು ಹಾರ ಬಿತ್ತು. ಆಮೇಲೆ ಕನ್ನಡ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನಮ್ಮ ಪತ್ರಿಕೆಯ ಇತಿಹಾಸದಲ್ಲೇ ಮೊಟ್ಟಮೊದಲ ಬಾರಿಗೆ ತಿರಸ್ಕೃತರಾದ ಮಹನೀಯರು" ಎಂದು ಪ್ರಿನ್ಸಿಪಾಲರನ್ನು ಕರೆದು ಜರಿ ಅಂಚಿನ ಶಾಲು ಹೊದಿಸಿದರು. ಚಪ್ಪಾಳೆಯೋ ಚಪ್ಪಾಳೆ. ಅವರು ಶಾಲನ್ನು ಸಂಜೆಯವರೆಗೂ ತೆಗೆಯಲಿಲ್ಲ.

ಮಾರನೇ ಬೆಳಿಗ್ಗೆ ನನ್ನ ಮೇಜಿನ ಮುಂದೆ ಆರು ಜನ ಸಹೋದ್ಯೋಗಿಗಳು ಲೇಖನ ಹಿಡಿದು ಸಾಲಾಗಿ ನಿಂತಿದ್ದರು. ಮೊದಲು ನಿಂತವರು ಬಗ್ಗಿ, ಮೆಲ್ಲಗೆ ಹೇಳಿದರು:

"ಮೇಡಂ, ಇದು ಹ್ಯಾಗೂ ಚೆನ್ನಾಗಿಲ್ಲ. ಬೇಗ ರಿಜೆಕ್ಟ್ ಮಾಡ್ಕೊಡಿ. ಶಾಲು ಯಾವಾಗ ಅಂತ ಮನೇಲಿ ಕೇಳ್ತಾ ಇದಾರೆ."