ಈಶಾನ್ಯಕ್ಕೆ ಬಂದ ಚಿಮಣಿ

ಅಮೆರಿಕಕ್ಕೆ ಬಂದ ಕನ್ನಡಿಗರು ಏನೇನೋ ಬದಲಾಯಿಸಿದ್ದಾರೆ. ಕೆಲಸ ಬದಲಾಯಿಸಿದವರಿದ್ದಾರೆ, ವೀಸಾ ಬದಲಾಯಿಸಿದವರಿದ್ದಾರೆ, ಕರೆಯುವವರಿಗೆ ಸುಲಭವಾಗಲೆಂದು ಅಪ್ಪ ಅಮ್ಮ ಇಟ್ಟ ಹೆಸರನ್ನೇ ಅರ್ಧಕ್ಕೆ ಕತ್ತರಿಸಿಕೊಂಡವರಿದ್ದಾರೆ. ಆದರೆ ದಿಕ್ಕನ್ನೇ ಬದಲಾಯಿಸಿದವರು, ನನಗೆ ತಿಳಿದ ಮಟ್ಟಿಗೆ, ನಮ್ಮ ಭಾವ ಒಬ್ಬರೇ! ಪಂಚಾಂಗ, ಭೂಗೋಳ, ಸೂರ್ಯ ಮೂರೂ ಸೇರಿ ಆಗ್ನೇಯ ಎಂದು ಒಪ್ಪಿಕೊಂಡಿದ್ದ ಮೂಲೆಯೊಂದನ್ನು ಎತ್ತಿ ತಂದು ಈಶಾನ್ಯದಲ್ಲಿ ಕೂರಿಸಿದ ಮಹಾನುಭಾವರು ಅವರು. ಅದೂ ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ, ಟೌನ್‌ಶಿಪ್‌ನವರಿಂದ ಪರ್ಮಿಟ್ ಪಡೆದು!

ಭಾವ ಎಂದರೆ ನನ್ನ ಅಕ್ಕನ ಗಂಡ. ಆಬರ್ನ್ ಹಿಲ್ಸ್‌ನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಹೊಸ ಕಾರಿನೊಳಗೆ ಎಲ್ಲಿ ಕಿರ್ ಎನ್ನುತ್ತದೆ, ಎಲ್ಲಿ ಗಡಗಡ ಎನ್ನುತ್ತದೆ ಎಂದು ಪತ್ತೆ ಹಚ್ಚಿ ಅದರ ಬಾಯಿ ಮುಚ್ಚಿಸುವುದು ಅವರ ಉದ್ಯೋಗ. ಒಮ್ಮೆ ಎಲ್ಲರೂ ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದೆವು. ಹೈವೇಯಲ್ಲಿ ಭಾವ ಇದ್ದಕ್ಕಿದ್ದಂತೆ ಕಾರನ್ನು ಪಕ್ಕಕ್ಕೆ ಹಾಕಿ, "ಎಲ್ಲೋ ರಾಟಲ್ ಬರ್ತಿದೆ" ಎಂದರು. ಬಾನೆಟ್ ತೆಗೆದರು. ಸೀಟಿನ ಕೆಳಗೆ ತಲೆ ತೂರಿಸಿದರು. ಡಿಕ್ಕಿಯಲ್ಲಿದ್ದ ಉಡುಗೊರೆಯ ಕುಕ್ಕರನ್ನು ಅಲ್ಲಾಡಿಸಿ ನೋಡಿದರು. ಕೊನೆಗೆ ಸದ್ದು ಬರುತ್ತಿರುವುದು ಅಕ್ಕನ ಗಾಜಿನ ಬಳೆಗಳಿಂದ ಎಂದು ಗೊತ್ತಾಯಿತು.

"ತಲುಪೋವರೆಗೆ ಬಳೆ ತೆಗೆದಿಡು ಕಣೇ" ಎಂದರು.

"ನೀವು ಕಿವಿ ತೆಗೆದಿಡಿ!" ಎಂದಳು ಅಕ್ಕ.

ನಾವು ಗೃಹಪ್ರವೇಶಕ್ಕೆ ತಲುಪುವ ಹೊತ್ತಿಗೆ ಹಾಲು ಉಕ್ಕಿ, ಆರಿ, ಬಂದವರಿಗೆಲ್ಲ ಕಾಫಿಯಾಗಿ ಹಂಚಿಹೋಗಿತ್ತು.

ಇಂಥ ಮನುಷ್ಯ ವಾಸ್ತುವನ್ನು ನಂಬುತ್ತಾರೆಯೇ? ಛೆ! ಬಾಗಿಲು ಸರಿಯಿಲ್ಲ, ಅಡುಗೆಮನೆ ಸರಿಯಿಲ್ಲ ಎಂದು ಒಳ್ಳೊಳ್ಳೆಯ ಮನೆಗಳನ್ನು ಬಿಟ್ಟು ಬರುವ ಗೆಳೆಯರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಖುಷಿ. "ನಿಮ್ಮ ವಾಸ್ತುಪುರುಷನ ಹತ್ರ ಮಿಷಿಗನ್ ಲೈಸೆನ್ಸ್ ಇದೆಯೇನ್ರೀ? ಇಲ್ಲಾಂದ್ರೆ ಅವನ ಮಾತು ಇಲ್ಲಿ ನಡಿಯಲ್ಲ" ಎಂದು ಛೇಡಿಸುತ್ತಿದ್ದರು. ತಮ್ಮ ಮನೆಯನ್ನು ಬೇಕೆಂದೇ ರಾಹುಕಾಲದಲ್ಲಿ ಕೊಂಡ ಧೀರ ಅವರು.

ಅದು ಹಳೆಯ ಕಾಲದ ಮನೆ. ಹಜಾರದ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಇಟ್ಟಿಗೆಯ ಚಿಮಣಿ. ಗೋಡೆಯೊಳಗೆ ತೆಪ್ಪಗೆ ಇರುವ ಚಿಮಣಿಯಲ್ಲ, ಗೋಡೆ ಬಿಟ್ಟು ಒಂದು ಮೊಳಕ್ಕಿಂತ ಹೆಚ್ಚೇ ಮುಂದೆ ಬಂದು ಎದೆಯುಬ್ಬಿಸಿ ನಿಂತ ಚಿಮಣಿ. ಬುಡದಲ್ಲಿ ಸೌದೆ ಉರಿಸುವ ಗೂಡು. ಚಿಮಣಿಗೂ ಎದುರಿನ ಮೆಟ್ಟಿಲಿಗೂ ನಡುವೆ ಒಂದು ಸಂದು. ಅಡುಗೆಮನೆಗೆ ಹೋಗಲು ಅದೊಂದೇ ದಾರಿ. ಹಬ್ಬದ ಊಟ ಮಾಡಿದವರು ಅಲ್ಲಿ ಓರೆಯಾಗಿ ನಡೆಯಬೇಕು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಅಮ್ಮ ಅಕ್ಕನ ಜೊತೆಗೇ ಇದ್ದಾಳೆ. ಆ ಮನೆಯ ಅಡುಗೆಮನೆ ಅವಳ ರಾಜ್ಯವಾಗಿತ್ತು. ಬೆಳಗಿನ ಕಾಫಿಯನ್ನು ಬೇರೆ ಯಾರಾದರೂ ಮಾಡಿದರೆ ಅದನ್ನು ಕಷಾಯ ಎಂದೇ ಕರೆಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಹಿಡಿದುಕೊಂಡು ನಡೆಯಲು ವಾಕರ್ ಬಂತು. ವಾಕರ್ ಆ ಸಂದಿನಲ್ಲಿ ಹೋಗಲಿಲ್ಲ! ನಾಲ್ಕು ಬೆರಳಿನಷ್ಟು ಜಾಗ ಸಾಲಲಿಲ್ಲ. ಚಿಮಣಿಯ ಈಚೆಗೆ ಅಮ್ಮನ ರೂಮು, ಆಚೆಗೆ ಅಡುಗೆಮನೆ. ಊಟದ ತಟ್ಟೆ ರೂಮಿಗೇ ಹೋಗತೊಡಗಿತು, ಅರ್ಧ ಹಾಗೇ ವಾಪಸು ಬರತೊಡಗಿತು. ಅಮ್ಮನ ಮಾತು ಕಡಿಮೆಯಾಯಿತು. ಒಂದು ದಿನ ಅಕ್ಕ ಮಾಡಿದ ಕಾಫಿಯನ್ನು ಬೈಯದೆ ಕುಡಿದುಬಿಟ್ಟಳು. ಅಕ್ಕ ನನಗೆ ಫೋನ್ ಮಾಡಿ ಅತ್ತದ್ದು ಆ ದಿನವೇ.

"ಚಿಮಣಿ ಒಡೆಸಿಬಿಡೋಣ ಅಮ್ಮ" ಎಂದು ಅಕ್ಕ ಹೇಳಿದಳು. ನಾನೂ ಹೇಳಿದೆ. ಅಮ್ಮ ಸುತರಾಂ ಒಪ್ಪಲಿಲ್ಲ.

"ನನ್ನೊಬ್ಬಳಿಗೋಸ್ಕರ ಮನೆ ಒಡೀತೀರಾ? ಒಂದು ಇಟ್ಟಿಗೆ ಮುಟ್ಟಿದ್ರೂ ನಾನು ಊಟ ಬಿಡ್ತೀನಿ!"

ನಮ್ಮಮ್ಮ ಹೇಳಿದರೆ ಮಾಡುವವಳೇ. ನಾವಿಬ್ಬರೂ ಆ ಮಾತನ್ನೇ ಕೈಬಿಟ್ಟೆವು.

ಮುಂದಿನ ವಾರಾಂತ್ಯ ನಾನಿರುವ ನೇಪರ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿ ನೋಡುತ್ತೇನೆ, ಭಾವನ ಹಣೆಯಲ್ಲಿ ಕುಂಕುಮ! ಮದುವೆಯ ದಿನ ಪುರೋಹಿತರು ಇಟ್ಟದ್ದನ್ನೇ ಕರವಸ್ತ್ರದಲ್ಲಿ ಒರೆಸಿಕೊಂಡಿದ್ದ ಹಣೆ ಅದು. ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು ಗಂಭೀರವಾಗಿ ಶುರುಮಾಡಿದರು.

"ಅತ್ತೆ, ನಮ್ಮ ಮನೇಲಿ ಒಂದು ದೊಡ್ಡ ದೋಷ ಇದೆ. ಈ ಚಿಮಣಿ ಈಶಾನ್ಯದಲ್ಲಿದೆ. ಈಶಾನ್ಯ ಅಂದ್ರೆ ದೇವರ ಮೂಲೆ, ನೀರಿರಬೇಕಾದ ಜಾಗ. ಅಲ್ಲಿ ಹೋಗಿ ಬೆಂಕಿ! ಅದಕ್ಕೇ ನೋಡಿ, ನನಗೆ ಪ್ರಮೋಷನ್ನೇ ಬರ್ತಾ ಇಲ್ಲ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಣ್ಣಲ್ಲೇ ಸುಮ್ಮನಿರು ಎಂದಳು. ಆಗ ಅರ್ಥವಾಯಿತು. ತನಗಾಗಿ ಮನೆ ಒಡೆಯುತ್ತಾರೆಂದರೆ ಅಮ್ಮ ಬಿಡುವವಳಲ್ಲ. ಅದೇ ಅಳಿಯನ ಪ್ರಮೋಷನ್ನಿಗಾಗಿ ಎಂದರೆ, ಬೇಡ ಎನ್ನಲು ಯಾವ ಅತ್ತೆಗೆ ಬಾಯಿ ಬರುತ್ತದೆ ಹೇಳಿ?

ತೊಡಕು ಒಂದೇ. ಚಿಮಣಿ ಇದ್ದದ್ದು ಅಪ್ಪಟ ಆಗ್ನೇಯದಲ್ಲಿ. ವಾಸ್ತುವಿನ ಪ್ರಕಾರ ಬೆಂಕಿ ಎಲ್ಲಿರಬೇಕೋ ಸರಿಯಾಗಿ ಅಲ್ಲೇ! ಇಡೀ ಓಕ್‌ಲೆಂಡ್ ಕೌಂಟಿಯಲ್ಲಿ ಅಷ್ಟು ಶಾಸ್ತ್ರೋಕ್ತವಾದ ಚಿಮಣಿ ಇನ್ನೊಂದಿತ್ತೋ ಇಲ್ಲವೋ. ಆದರೆ ನಮ್ಮ ಭಾವ ಎಂಜಿನಿಯರ್ ಅಲ್ಲವೇ? ಫೋನಿನಲ್ಲಿ ದಿಕ್ಸೂಚಿ ತೆರೆದರು. ಕಾರಿನಲ್ಲಿ ಫೋನ್ ಅಂಟಿಸುವ ಅಯಸ್ಕಾಂತವನ್ನು ಅಂಗೈಯಲ್ಲಿ ಅಡಗಿಸಿಕೊಂಡಿದ್ದರು. ಗ್ಯಾರೇಜಿನಲ್ಲಿ ಪ್ರಾಕ್ಟೀಸ್ ಬೇರೆ ಮಾಡಿದ್ದರಂತೆ! ಮುಳ್ಳು ಗಿರಗಿರನೆ ತಿರುಗಿತು, ನೈರುತ್ಯಕ್ಕೆ ಹೋಗಿ ಸುಧಾರಿಸಿಕೊಂಡಿತು, ಭಾವ ಕೈಯನ್ನು ಸ್ವಲ್ಪ ಅಲುಗಿಸಿದ ಮೇಲೆ ವಿಧಿಯಿಲ್ಲದೆ ಈಶಾನ್ಯಕ್ಕೆ ಬಂದು ನಿಂತಿತು.

ಅಷ್ಟರಲ್ಲಿ ಅಕ್ಕನ ಹೈಸ್ಕೂಲು ಓದುವ ಮಗಳು ಜ್ಯೂಸ್ ಕುಡಿಯುತ್ತಾ ಆ ಕಡೆ ಬಂದಳು.

"ಡ್ಯಾಡ್, ದಟ್ಸ್ ಸೌತ್‌ಈಸ್ಟ್."

"ಗ್ರೇಟ್ ಲೇಕ್ಸ್ ಹತ್ರ ಇರೋದ್ರಿಂದ ಇಲ್ಲಿ ಹಾಗೆ ಕಾಣತ್ತೆ ಪುಟ್ಟಿ. ಅಷ್ಟೊಂದು ನೀರು ದಿಕ್ಕನ್ನೇ ಎಳೆದುಬಿಡತ್ತೆ."

"ದಟ್ಸ್ ನಾಟ್ ಎ ಥಿಂಗ್, ಡ್ಯಾಡ್!"

ಅಕ್ಕ ಮಗಳ ರಟ್ಟೆ ಹಿಡಿದು ಮಹಡಿಗೆ ಕಳಿಸಿದಳು. ಅಮ್ಮ ಫೋನನ್ನು ನೋಡಿದಳು, ಅಳಿಯನನ್ನು ನೋಡಿದಳು. "ಅಳಿಯಂದ್ರು ಓದಿದೋರು. ಅವರು ಈಶಾನ್ಯ ಅಂದ್ಮೇಲೆ ಈಶಾನ್ಯಾನೇ" ಎಂದಳು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಅಮ್ಮ ಒಂದು ಷರತ್ತು ಹಾಕಿದಳು. "ಎಷ್ಟೋ ವರ್ಷದಿಂದ ಅಲ್ಲಿದ್ದ ಅಗ್ನೀನ ಹೇಳದೆ ಕೇಳದೆ ಕಳಿಸೋ ಹಾಗಿಲ್ಲ. ಒಂದು ಹೋಮ ಮಾಡಿ ಕಳಿಸಿ."

ಅಮೆರಿಕದಲ್ಲಿ ಹೋಮ ಮಾಡುವ ಕ್ರಮ ನಿಮಗೆ ಗೊತ್ತಿರಬೇಕಲ್ಲ? ಗಣಪತಿ ಪೂಜೆಗೂ ಮೊದಲು ಏಣಿ ಹತ್ತಿ, ಹೊಗೆ ಕಂಡರೆ ಅರಚುವ ಅಲಾರಂಗಳಿಗೆಲ್ಲ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಬೇಕು. ಭಾವ ತೊಡಿಸಿದರು. ಹೋಟೆಲುಗಳಿಂದ ತಂದ ಟೋಪಿಗಳ ದೊಡ್ಡ ಸಂಗ್ರಹವೇ ಅವರಲ್ಲಿತ್ತು. "ಹೋಮಕುಂಡ ಬೇರೆ ಯಾಕೆ? ಈ ಗೂಡಿನಲ್ಲೇ ಮಾಡೋಣ, ಹೊಗೆ ನೇರ ಮೇಲೆ ಹೋಗತ್ತೆ" ಎಂಬ ಐಡಿಯಾವೂ ಅವರದೇ. ಮೈಸೂರಿನಿಂದ ಪುರೋಹಿತರು ಲ್ಯಾಪ್‌ಟಾಪಿನೊಳಗೆ ಕೂತು ಮಂತ್ರ ಹೇಳಿದರು. ತುಪ್ಪ ಬಿತ್ತು, ಸಮಿತ್ತು ಬಿತ್ತು, ಹೊಗೆ ಎದ್ದಿತು. ಎದ್ದ ಹೊಗೆ ಮೇಲೆ ಹೋಗಿ, ಏನೋ ಯೋಚಿಸಿ, ವಾಪಸು ಬಂತು!

ಆಗಿದ್ದು ಇಷ್ಟೇ. ಚಿಮಣಿಯೊಳಗೆ ಗಾಳಿ ಸಿಳ್ಳೆ ಹಾಕುತ್ತದೆ ಎಂದು ಭಾವ ಎಂದೋ ಅದರ ಗಂಟಲಿಗೆ ಹಳೆಯ ಕಂಬಳಿ ತುರುಕಿದ್ದರು. ಸದ್ದಡಗಿಸಿದ ಸಂತೋಷದಲ್ಲಿ ಕಂಬಳಿಯನ್ನೇ ಮರೆತಿದ್ದರು. ಹಜಾರದಲ್ಲಿ ಯಾರಿಗೂ ಯಾರೂ ಕಾಣದಂತಾಯಿತು. "ಏನೂ ಕಾಣಿಸ್ತಿಲ್ಲ, ಕ್ಯಾಮೆರಾ ಆನ್ ಮಾಡ್ಕೊಳ್ಳಿ" ಎಂದು ಲ್ಯಾಪ್‌ಟಾಪಿನೊಳಗಿಂದ ಪುರೋಹಿತರು ಕೂಗುತ್ತಿದ್ದರು. ಕಿಟಕಿ ತೆಗೆದದ್ದೇ ತಡ, ಹೊಗೆ ಹೊರಗೆ ನುಗ್ಗಿತು. ಪಕ್ಕದ ಮನೆಯಾಕೆ 911ಕ್ಕೆ ಫೋನ್ ಮಾಡಿದರು.

ಬೆಂಕಿ ಆರಿಸುವವರು ಕೊಡಲಿ ಹಿಡಿದು ಒಳಗೆ ನುಗ್ಗಿದರು. ಅಕ್ಕ ಅಭ್ಯಾಸಬಲದಿಂದ, "ಶೂಸ್, ಪ್ಲೀಸ್!" ಎಂದುಬಿಟ್ಟಳು. ಗೂಡಿನಲ್ಲಿದ್ದ ಬೆಂಕಿ ಆರಿತು, ಕಂಬಳಿಗೆ ಏನೂ ಆಗಿರಲಿಲ್ಲ, ಮೇಲೆ ಸಿಕ್ಕಿಕೊಂಡೇ ಇತ್ತು. ಅವರ ನಾಯಕ ತಲೆಯೆತ್ತಿ, ಟೋಪಿ ತೊಟ್ಟ ಅಲಾರಂಗಳನ್ನು ಒಂದೊಂದಾಗಿ ನೋಡಿದ.

"ಸರ್, ವಾಟ್ ಆರ್ ವಿ ಸೆಲಿಬ್ರೇಟಿಂಗ್?"

"ಎ ಫೇರ್‌ವೆಲ್ ಟು ಫೈರ್" ಎಂದರು ಭಾವ.

"ವಿ ಡು ದಟ್ ಎವ್ರಿ ಡೇ" ಎಂದ ಅವನು, ಅಮ್ಮ ಕೈಗಿತ್ತ ಕೇಸರಿಬಾತಿನ ದೊನ್ನೆಯನ್ನು ಬಾಯಿಗೆತ್ತುತ್ತಾ.

ಆಮೇಲೆ ಒಡೆಯಲು ಪರ್ಮಿಟ್ ಕೊಡುವ ಟೌನ್‌ಶಿಪ್‌ನ ಇನ್‌ಸ್ಪೆಕ್ಟರ್ ಬಂದ. ಇಷ್ಟು ಚೆಂದದ ಚಿಮಣಿಯನ್ನು ಯಾಕೆ ಒಡೆಯುತ್ತೀರಿ ಎಂದು ಕೇಳಿದ. ಅಮ್ಮ ಅಲ್ಲೇ ಕೂತಿದ್ದಳು, ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಅರ್ಥವಾಗುತ್ತದೆ. ಇದು ದೇವರ ಮೂಲೆ, ಅವನಿಗೆ ಬಿಟ್ಟುಕೊಡಬೇಕು ಎಂದರು ಭಾವ. ಇನ್‌ಸ್ಪೆಕ್ಟರ್ ಒಂದು ಕ್ಷಣ ತಲೆ ಕೆರೆದುಕೊಂಡು, ಪರ್ಮಿಟ್ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ ಎಂದು ಹೇಳಿ ಹೋದ. ಮೇಲಿನ ಇಟ್ಟಿಗೆ ಕುಸಿಯದಂತೆ ಕಾಂಟ್ರಾಕ್ಟರ್ ಉಕ್ಕಿನ ತೊಲೆ ಕೊಟ್ಟ. ಅಲ್ಲಿಗೆ ತಿಳಿದವರ ಕೆಲಸ ಮುಗಿಯಿತು.

ಕೆಳಗಿನ ಇಟ್ಟಿಗೆ ಕೀಳುವುದನ್ನು ಭಾವ ಶ್ರಮದಾನಕ್ಕೆ ಬಿಟ್ಟರು. ಶನಿವಾರ ಕನ್ನಡದ ಗೆಳೆಯರೆಲ್ಲ ಹಿಮದಲ್ಲಿ ಜಾರಾಟಕ್ಕೆ ಹಾಕುವ ಕಪ್ಪು ಕನ್ನಡಕ ಏರಿಸಿಕೊಂಡು ಬಂದರು. ಬಂದವರೆಲ್ಲ ಪ್ರಾಜೆಕ್ಟ್ ಮ್ಯಾನೇಜರುಗಳು, ಸುತ್ತಿಗೆ ಒಂದೇ! ಮೊದಲು ಸ್ಟೇಟಸ್ ಮೀಟಿಂಗ್ ಆಯಿತು. ರಿಸ್ಕ್ ಏನೇನು ಎಂದು ಚರ್ಚೆಯಾಯಿತು. ಬಿಸಿಬೇಳೆಬಾತ್ ಆಯಿತು. ಊಟದ ನಂತರ ಮತ್ತೆ ಸ್ಟೇಟಸ್. ಚಿಮಣಿಯ ಸ್ಟೇಟಸ್ ಮಾತ್ರ ಬೆಳಿಗ್ಗೆ ಇದ್ದಂತೆಯೇ ಇತ್ತು. ಧಾರವಾಡದ ಅಂಕಲ್ ಒಬ್ಬರಿಗೆ ತಡೆಯಲಾಗಲಿಲ್ಲ.

"ಏನ್ ಮೀಟಿಂಗ್ ನಡಿಸೀರಿ ಮಾರಾಯ್ರ? ಮಾತಿಗೆ ಇಟ್ಟಂಗಿ ಬೀಳ್ತಾವೇನು? ಕೊಡ್ರಿ ಇಲ್ಲೆ!" ಎಂದು ಸುತ್ತಿಗೆ ಕಿತ್ತುಕೊಂಡು ಒಂದೇಟು ಬಿಟ್ಟರು.

ಮೊದಲು ಕಂಬಳಿ ಬಿತ್ತು. ಅದರ ಹಿಂದೆಯೇ ಎಷ್ಟೋ ಚಳಿಗಾಲಗಳ ಮಸಿ ಬಿತ್ತು. ಧೂಳು ಅಡಗಿದಾಗ ಹಜಾರದ ತುಂಬ ಕರಿಯ ಬೊಂಬೆಗಳು ಕೆಮ್ಮುತ್ತಾ ನಿಂತಿದ್ದವು. ಕನ್ನಡಕ ತೆಗೆದರೆ ಎಲ್ಲರ ಕಣ್ಣ ಸುತ್ತಲೂ ಒಂದೇ ಅಳತೆಯ ಬಿಳಿ. ಅಕ್ಕ ಗಾಬರಿಯಲ್ಲಿ ಟವೆಲ್ ಹಿಡಿದು ಓಡಿ ಬಂದು, "ರೀ, ಮೊದಲು ಮುಖ ಒರೆಸ್ಕೊಳ್ಳಿ" ಎಂದು ಧಾರವಾಡದ ಅಂಕಲ್‌ಗೆ ಕೊಟ್ಟಳು! "ನಾನು ಇಲ್ಲಿದೀನಿ ಕಣೇ" ಎಂಬ ದನಿ ಮೂಲೆಯಿಂದ ಬಂತು.

ಧೂಳು ಹೋಗದಂತೆ ಅಮ್ಮನ ರೂಮಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಅದರ ಆಚೆಯಿಂದ ನಗು ಕೇಳಿಸಿತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ಭಾವ ಮಸಿ ಮುಖವನ್ನು ಓರೆ ಮಾಡಿ, ಕಾರಿನೊಳಗಿನ ಸದ್ದಿಗೆ ಕಿವಿಗೊಡುವಂತೆ, ಅದು ನಿಲ್ಲುವವರೆಗೂ ಕೇಳಿಸಿಕೊಂಡು ನಿಂತರು.

ಗೋಡೆಗೆ ಬಣ್ಣ ಹಚ್ಚಿ ಮುಗಿದ ಮೇಲೆ ನಾನು ಮತ್ತೆ ಹೋದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಒಲೆಯ ಮುಂದೆ ಅಮ್ಮ! ವಾಕರನ್ನು ಪಕ್ಕಕ್ಕೆ ನಿಲ್ಲಿಸಿ, ಒಂದು ಕೈಯನ್ನು ಕಟ್ಟೆಗೆ ಊರಿ, ಫಿಲ್ಟರಿಗೆ ಬಿಸಿನೀರು ಹಾಕುತ್ತಿದ್ದಳು.

"ನಿಮ್ಮಕ್ಕ ಎಂಥ ಪುಡಿ ತರಿಸಿದಾಳೋ, ಮಣ್ಣು!" ಎಂದಳು. ಆ ಬೈಗುಳ ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಅಂತೂ ಈಶಾನ್ಯ ಸರಿಹೋಯ್ತಲ್ಲಮ್ಮ" ಎಂದೆ, ನಗು ತಡೆದುಕೊಂಡು.

"ಯಾವ ಈಶಾನ್ಯವೋ? ದಿನಾ ನನ್ನ ಕಿಟಕೀಲಿ ಹುಟ್ಟೋ ಸೂರ್ಯಂಗೆ ಕೈಮುಗಿಯೋಳು ನಾನು. ಚಿಮಣಿ ಇದ್ದಿದ್ದು ಆಗ್ನೇಯ ಅಂತ ಗೊತ್ತಾಗಲ್ವಾ ನನಗೆ? ಅಗ್ನಿ ತಾನಿರಬೇಕಾದ ಜಾಗದಲ್ಲೇ ಇದ್ದ, ಪಾಪ."

ನಾನು ದಂಗಾದೆ. "ಮತ್ತೆ ಹೋಮ ಮಾಡಿಸಿದ್ದು?"

"ಸರಿಯಾದ ಜಾಗದಲ್ಲಿ ಕೂತಿದ್ದೋನ್ನ ಎಬ್ಬಿಸಿ ಕಳಿಸ್ತಿದ್ವಲ್ಲೋ. ತಪ್ಪಾಯ್ತು ಅಂತ ಹೇಳೋದು ಬೇಡ್ವಾ?"

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಅಮ್ಮ ಫಿಲ್ಟರಿನ ಮುಚ್ಚಳ ಮುಚ್ಚಿದಳು. "ಆ ಮನುಷ್ಯ ದೇವರಿಗೂ ಕೈಮುಗಿಯೋರಲ್ಲ. ನನಗೆ ಸಂಕೋಚ ಆಗಬಾರದು ಅಂತ ಕುಂಕುಮ ಇಟ್ಕೊಂಡು ಬಂದು ಎದುರಿಗೆ ಕೂತ್ರು. ಸುಳ್ಳು ಹೇಳೋಕೆ ಬರಲ್ಲ ಕಣೋ ಅವರಿಗೆ, ಬೆರಳ ಸಂದೀಲಿ ಅಯಸ್ಕಾಂತ ಕಾಣ್ತಾನೇ ಇತ್ತು. ಹೊಟ್ಟೇಲಿ ಹುಟ್ಟಿದ ನಿಮಗೆ ಬೇಡ ಅಂದೆ. ಅವರಿಗೆ ಬೇಡ ಅನ್ನೋಕೆ ನನ್ನ ಕೈಲಿ ಆಗಲಿಲ್ಲ. ನೀನು ಏನೂ ಹೇಳಬೇಡ, ಬೇಜಾರು ಮಾಡ್ಕೋತಾರೆ."

ಡಿಕಾಕ್ಷನ್ ಇಳಿದು ಹಾಲು ಕಾಯುವ ಹೊತ್ತಿಗೆ ಭಾವ ಬಂದರು. ಅಮ್ಮ ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಕೈಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡಳು. ಆಮೇಲೆ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಅಳಿಯಂದ್ರೇ, ನನ್ನ ರೂಮಿನ ಬಚ್ಚಲ ಬಾಗಿಲು ಸ್ವಲ್ಪ ಇಕ್ಕಟ್ಟು. ಅದರ ವಾಸ್ತು ಹೇಗಿದೆ ಅಂತ ಒಂದ್ಸಲ ನೋಡ್ತೀರಾ?"

ನಮ್ಮಮ್ಮ ಒಂದು ಸೀರೆ ಬೇಕೆಂದು ಅಪ್ಪನನ್ನು ಕೇಳಿದವಳಲ್ಲ, ಜ್ವರ ಬಂದು ಮಲಗಿದಾಗಲೂ ಒಂದು ಲೋಟ ನೀರು ಬೇಕೆಂದು ನಮ್ಮನ್ನು ಕೇಳಿದವಳಲ್ಲ. ಅವಳು ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಅಳು ಬಂದುಬಿಟ್ಟಿತು. ಭಾವ ಮಾತ್ರ ಒಂದು ಗುಟುಕೂ ಕುಡಿಯದ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು, "ಭಾರೀ ದೋಷ ಅತ್ತೆ ಅದು, ನನಗೂ ಅನುಮಾನ ಇತ್ತು" ಎನ್ನುತ್ತಾ, ಅಳತೆಯ ಟೇಪು ತರಲು ಗ್ಯಾರೇಜಿಗೆ ಓಡಿದರು.